ಯಾವ ಎಂಟು?

ಆರ್‌ಟಿಓ ಗೇಟಿನ ಹೊರಗ, ಬೇವಿನ ಗಿಡದ ಬುಡಕ್ಕ
ಒಂದು ತಗಡಿನ ಟೇಬಲ್ಲು, ಎರಡು ಸ್ಟೂಲು, ಗೋಂದಿನ ಬಾಟ್ಲಿ.
ಇಪ್ಪತ್ತೆರಡು ವರ್ಷ ಆತು,
ಮಂದಿ ಹೆಸರು, ಮಂದಿ ಹುಟ್ಟಿದ ದಿನ
ಒಂದೊಂದ ಅಕ್ಷರ ಖಾನೆದಾಗ ಕುಂದ್ರಿಸಿಗೋತ ಬಂದೀನಿ.

ಅಕಿ ಬಂದಾಗ ಮಟಮಟ ಮಧ್ಯಾಹ್ನ.
ಕೈಯಾಗ ಅವರ ದೇಶದ ಲೈಸನ್ಸ.
ಅದರ ಮ್ಯಾಲಿನ ಅಕ್ಷರ ನೋಡಿದ್ರ
ಕಣದಾಗ ಗುಬ್ಬಿ ಅಡ್ಡಾಡಿದ ಗುರುತು.
'ಇದು ಇಲ್ಲಿ ನಡಿಯಂಗಿಲ್ಲಂತರಿ' ಅಂದ್ಲು,
ಕನ್ನಡದಾಗ, ಅದೂ ನಮ್ಮ ಧಾರವಾಡದ ಕನ್ನಡದಾಗ,
'ಹೊಸಾದು ತಗೋಬೇಕಂತ.'

ಹೆಸರು? ಸೆಲಾಮಾವಿತ್.
ಅಪ್ಪನ ಹೆಸರು? ತೆಸ್ಫಾಯೆ.
ಅಡ್ಡಹೆಸರು?
ಇಲ್ಲ.
'ಇಲ್ಲ ಅಂದ್ರ ಹೆಂಗವಾ, ಕಂಪ್ಯೂಟರ್ ಒಪ್ಪಂಗಿಲ್ಲ.
ಉಳ್ಳಾಗಡ್ಡಿ ಅಂತ ಇರ್ತಾರ ಇಲ್ಲಿ, ಮೆಣಸಿನಕಾಯಿ ಅಂತ ಇರ್ತಾರ.
ನಾನು ಫಕ್ಕೀರಪ್ಪ ಹುಣಸಿಮರದ,
ಆ ಹುಣಸಿಮರ ನಮ್ಮಜ್ಜನೂ ನೋಡಿಲ್ಲ.'
ನಕ್ಕಳು. ಅಪ್ಪನ್ನ ಅಡ್ಡಹೆಸರಿನ ಖಾನೆಕ್ಕ ದೂಡಿದೆ.
ಟಪಾಲಿನ ಚೀಲ ಹೊತ್ತು ಜೀವಮಾನ ಕಾಲಾಗ ನಡದ ಮನಿಷಾ ಅಂತ,
ಹಿಂಗ ಮಗಳ ಸ್ಕೂಟಿ ಹತ್ತಿದ.

ವಿಳಾಸದ ಖಾನೆ ಭಾಳ ದಿನ ತಿಂತು.
ಯತ್ತಿನಗುಡ್ಡದ ಮನಿ ಮಾಲಕ ಚೀಟಿ ಬರದು ಕೊಟ್ಟಿದ್ದ:
'ಬಾಡಿಗಿ ಬರೋಬ್ಬರಿ ಕೊಡ್ತಾಳ, ಗದ್ಲ ಇಲ್ಲ, ಕಾಫಿ ಹುರಿಯೋ ವಾಸನಿ ಭಾಳ.'
ಸಾಹೇಬರು ಓದಿದ್ರು, ತಿರುವಿ ಹಿಂಭಾಗ ನೋಡಿದ್ರು,
'ಪೊಲೀಸ್ ಠಾಣೆ ಕಾಗದ ತರ್ರಿ' ಅಂದ್ರು.
ಮೂರು ಸಲ ಬಂದ್ಲು.
ಮೂರನೇ ಸಲ ಕಾಯ್ಕೋತ ಕುಂತಾಗ
ನನ್ನ ಡಬ್ಬಿಯೊಳಗಿನ ರೊಟ್ಟಿ ಮುರಕೊಂಡು
'ಅಣ್ಣ, ಈ ಜೋಳ ನಮ್ಮ ಕಡೆಯಿಂದ ಬಂದದ್ದು' ಅಂದ್ಲು.
ಕೃಷಿ ವಿಶ್ವವಿದ್ಯಾಲಯದಾಗ ಅಕಿ ಓದೋದೂ ಅದನ್ನ.
'ಹೌದೇನು? ಯಾವಾಗ?'
'ಸಾವಿರಾರು ವರ್ಷ ಆತು.'
ತುತ್ತು ಕೈಯಾಗ ಹಿಡಕೊಂಡು ವಿಚಾರ ಮಾಡಿದೆ,
ಅದಕ್ಕ ನಾವು ಯಾವ ಠಾಣೆ ಕಾಗದ ಕೇಳಿದ್ವಿ?

ಅಕಿ ಊರಾಗ ಗಾಡಿ ಬಲಕ್ಕ ಹೋಗ್ತಾವಂತ.
ಹನ್ನೊಂದು ವರ್ಷದ ರೂಢಿ ಅದು, ಮೈಯಾಗ ಇಳದೈತಿ.
ನಾವರ ಎಂಥಾ ಮಂದಿ ನೋಡ್ರಿ,
ಹೊಸ ಸೊಸಿಗೆ ಬಲಗಾಲಿಟ್ಟು ಒಳಗ ಬಾ ಅಂತೀವಿ,
ರಸ್ತೆಕ್ಕ ಇಳದ್ರ ಎಡಕ್ಕ ನಡಿ ಅಂತೀವಿ,
ಮತ್ತ ಎಡವೋದ್ರಾಗೂ ಎಡಾನ ಕೂಡ್ಸೀವಿ.
ಎಡ ಅಂಗೈ ಮ್ಯಾಲೆ ಪೆನ್ನಿಲೆ 'ಎ' ಬರಕೊಂಡಿದ್ಲು.
ಬೆವರಿಗೆ ಅಳಸ್ತಿತ್ತು. ಮತ್ತ ಬರೀತಿದ್ಲು.

ಟೆಸ್ಟಿನ ದಿನ ಇನ್ಸ್‌ಪೆಕ್ಟರ್ ಸೀಟಿ ಊದಿ
'ಎಂಟು ಹಾಕವಾ' ಅಂದ್ರು.
ಸ್ಕೂಟಿ ಸುರು ಮಾಡಿದಾಕಿ ನಿಲ್ಲಿಸಿ ಕೇಳಿದ್ಲು:
'ಯಾವ ಎಂಟು ಸರ?'
ಅಕಿ ಅಂಕಿ ಕಲ್ತದ್ದು ಸಿಟಿ ಬಸ್ಸಿನ ಹಣಿ ನೋಡಿ.
ಅಕಿಗೆ ಎಂಟು ಅಂದ್ರ ೮,
ಬಾಯಿ ತಗದ ಎಂಟು,
ಈ ಕಡೆ ಹೊಕ್ಕು ಆ ಕಡೆ ಹೊರಬೀಳೋ ಎಂಟು.
ಇನ್ಸ್‌ಪೆಕ್ಟರ್ ನೆಲದ ಮ್ಯಾಲಿನ ಸುಣ್ಣದ ಗೆರಿ ತೋರಿಸಿದ್ರು,
ಗಂಟು ಹಾಕಿದ ಎಂಟು, ಎಷ್ಟು ತಿರಗಿದ್ರೂ ಅಲ್ಲೇ.
ಪಾಳಿ ಹಚ್ಚಿದ ಹುಡುಗೂರು ಬಿದ್ದು ಬಿದ್ದು ನಕ್ಕರು.
ನನಗ ನಗು ಬರಲಿಲ್ಲ.
ಇಷ್ಟು ವರ್ಷ ಅದ ಗೆರಿ ನೋಡೀನಿ,
ಅದಕ್ಕ ಬಾಗಲಾ ಇಲ್ಲ ಅನ್ನೋದು ಹೊಳೆದಿದ್ದಿಲ್ಲ.

ಅಕಿ ತಿರಗಿದ್ಲು. ಕಾಲು ಊರಲಿಲ್ಲ.
ಊರಿದ್ಲು, ಒಂದ ಸಲ, ಸಣ್ಣಗ.
ಆ ಹೊತ್ತಿಗೆ ಸಾಹೇಬರಿಗೆ ಸೀನು ಬಂದಿತ್ತು.

ಹದಿನೈದು ದಿನಕ್ಕ ಕಾರ್ಡು ಬಂತು.
ಫೋಟೋದಾಗ ಗುರುತು ಹತ್ತಂಗಿಲ್ಲ, ಅದು ಎಲ್ಲಾರದೂ ಹಂಗ.
ತೋರಿಸಾಕ ಬಂದ್ಲು. ಸಂಜಿ ಆಗಿತ್ತು,
ನಾನು ಟೇಬಲ್ಲಿಗೆ ಸರಪಳಿ ಬಿಗೀತಿದ್ದೆ.
'ನಿಮ್ಮ ಗಾಡಿ ಎಲ್ಲಿ ಅಣ್ಣ?'
'ಇಲ್ಲ.'
'ಲೈಸನ್ಸ?'
'ಅದೂ ಇಲ್ಲ.'
ಒಂದು ಗಳಿಗಿ ನನ್ನ ಮಾರಿ ನೋಡಿದ್ಲು,
ಆಮ್ಯಾಲೆ ಹಿಂದಿನ ಸೀಟಿನ ಧೂಳ ಕೈಲೆ ಒರಿಸಿದ್ಲು.

ಗೋಂದಿನ ಬಾಟ್ಲಿ ಚೀಲದಾಗಿಟ್ಟು ಹತ್ತಿದೆ.
ಕೋರ್ಟ್ ಸರ್ಕಲ್ ದಾಟೂತನಾ ಕಣ್ಣ ಮುಚ್ಚಿದ್ದೆ.
ತಿರುವು ಬಂದಾಗ ಬಾಯಿ ತಾನ ಒದರ್ತು:
'ಎಡಕ್ಕವಾ, ಎಡಕ್ಕ!'
'ಗೊತ್ತೈತಿ ಅಣ್ಣ' ಅಂದ್ಲು,
'ನೀವು ಹೊಯ್ದಾಡಬ್ಯಾಡ್ರಿ.'